ಗೋದಾಮಿನ ಭಾರ, ನೆಲದ ಬಲ

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದವರಿಗೆ ಊರಂಚಿನಲ್ಲಿ ಪೀರನವಾಡಿ ಸಿಗುತ್ತದೆ. ಅಲ್ಲಿ ಒಂದು ಕವಲು ಜಾಂಬೋಟಿಯ ಮಾರ್ಗವಾಗಿ ಚೋರ್ಲಾ ಘಾಟಿನತ್ತ ಹೊರಳುತ್ತದೆ. ನೇರ ದಾರಿ ಮಚ್ಛೆಯ ಮೇಲೆ ಖಾನಾಪುರಕ್ಕೆ ಹೋಗುತ್ತದೆ. ಇಂಥ ಕೂಡುರಸ್ತೆಯ ಬಳಿ ಒಬ್ಬ ವ್ಯಾಪಾರಿ ಗೋದಾಮನ್ನೂ ಅದಕ್ಕೆ ಹೊಂದಿದ ಕಚೇರಿಯನ್ನೂ ಕಟ್ಟಿಸಲಿದ್ದಾನೆ ಎನ್ನೋಣ. ಕಟ್ಟಡ ಬಹುಕಾಲ ಬಾಳಬೇಕು, ಸಿಮೆಂಟು ಕಬ್ಬಿಣ ಪೋಲಾಗಬಾರದು ಎಂಬುದು ಅವನ ಆಸೆ. ಹಾಗಿದ್ದರೆ ಅವನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ಎಷ್ಟು ಭಾರ ಬೀಳುತ್ತದೆ?

ಭಾರತೀಯ ಮಾನಕ ಸಂಸ್ಥೆಯ 875ನೆಯ ಸಂಹಿತೆ ಇದಕ್ಕೆ ಉತ್ತರ ಕೊಡುತ್ತದೆ. ಕಡತಗಳಿಗೆ ಬೇರೆ ಕೋಣೆಯುಳ್ಳ ಕಚೇರಿಯ ನೆಲ ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ಹೊರುವಂತಿರಬೇಕು. ಗೋದಾಮಿನಲ್ಲಿಯಾದರೋ ಸರಕು ಪೇರಿಸುವ ಪ್ರತಿ ಮೀಟರು ಎತ್ತರಕ್ಕೆ ಸುಮಾರು 240 ಕಿಲೋಗ್ರಾಂ, ಕನಿಷ್ಠ 750. ನಾಲ್ಕು ಮೀಟರು ಪೇರಿಸಿದರೆ 960, ಅಂದರೆ ಕಚೇರಿಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ಆದ್ದರಿಂದ ಸರಕು ನೆಲದ ಮೇಲೆ, ಕಚೇರಿ ಮಹಡಿಯಲ್ಲಿ ಇರುವುದೇ ಜಾಣತನ. ದೀಪಾವಳಿಯ ಹೊತ್ತಿಗೆ ಸರಕು ಹೆಚ್ಚಾಯಿತೆಂದು ಚೀಲಗಳನ್ನು ಮಹಡಿಗೇರಿಸಿದರೆ, ಕೆಳಗೆ ದುಡಿಯುವ ಹಮಾಲರ ಜೀವಕ್ಕೇ ಸಂಚಕಾರ.

ಇನ್ನು ಚಾವಣಿ. ತಗಡಿನ ಚಾವಣಿ ಹಗುರ; ಅದೇ ಅದರ ಗುಣ, ಅದೇ ಅದರ ದೋಷ. ತೆಳು ಉಕ್ಕಿನ ತಗಡು ಚದರ ಮೀಟರಿಗೆ ಐದಾರು ಕಿಲೋಗ್ರಾಂ ತೂಗಿದರೆ, ಸೆಕೆಂಡಿಗೆ 33 ಮೀಟರು ವೇಗದ ಬಿರುಗಾಳಿಯ ಒತ್ತಡ ಸುಮಾರು 65 ಕಿಲೋಗ್ರಾಂ. ಗಾಳಿ ಚಾವಣಿಯನ್ನು ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯುತ್ತದೆ. ತಗಡಿನಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ ಹಿಡಿತ ಎಲ್ಲಿಯೂ ಕಡಿಯಬಾರದು. ಮುಂದೆ ಸೌರಫಲಕ ಹಾಕುವ ಯೋಚನೆಯಿದ್ದರೆ ಚದರ ಮೀಟರಿಗೆ ಹನ್ನೆರಡು-ಹದಿನೈದು ಕಿಲೋಗ್ರಾಂ ಹೆಚ್ಚಿಗೆ ಈಗಲೇ ಲೆಕ್ಕ ಹಿಡಿಯಬೇಕು.

ಈ ಎಲ್ಲ ಭಾರ ಕೊನೆಗೆ ಸೇರುವುದು ಮಣ್ಣಿಗೆ. ಖಾನಾಪುರದ ಕಡೆ ಜಂಬಿಟ್ಟಿಗೆಯ ಕೆಂಪು ನೆಲ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯತ್ತ ಎರೆಭೂಮಿ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ನೆರೆಯವನ ತಳಪಾಯ ನೋಡಿ ನಮ್ಮದನ್ನು ಹಾಕಬಾರದು. ನಮ್ಮ ಜಾಗದಲ್ಲೇ ಗುಂಡಿ ತೋಡಿ ಮಣ್ಣನ್ನು ಪರೀಕ್ಷಿಸಬೇಕು.

ಲೆಕ್ಕ ಸರಿಯಾದರೆ ಬೇಡದ ಕಾಂಕ್ರೀಟು ತಾನೇ ಉಳಿಯುತ್ತದೆ. ಈ ಉಳಿತಾಯ ದೊಡ್ಡದು. ಸಿಮೆಂಟಿಗಾಗಿ 100 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ, ಕಲ್ಲಿನಿಂದಲೇ 44 ಕಿಲೋಗ್ರಾಂ ಇಂಗಾಲಾಮ್ಲ ಹೊರಬರುತ್ತದೆ, ಉರುವಲಿನದು ಬೇರೆ. ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ನೂರಕ್ಕೆ 15ರಿಂದ 35ರವರೆಗೆ ಬೆರೆಸಿದ ಸಿಮೆಂಟು ಪೇಟೆಯಲ್ಲಿ ದೊರೆಯುತ್ತದೆ. ಅದಕ್ಕೆ ತುಸು ಹೆಚ್ಚು ದಿನ ನೀರುಣಿಸಬೇಕು, ಅಷ್ಟೆ. ನೀರಿಗೂ ಚಾವಣಿಯೇ ಆಧಾರ: 1000 ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸಾವಿರ ಲೀಟರು.

ಗೋದಾಮು ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ತಾರಸಿಯ ಮೇಲೆ ಸಾವಿರ ಲೀಟರಿನ ತೊಟ್ಟಿ ಇಟ್ಟರೆ ಒಂದು ಟನ್ ನೀರು ಹೊರಿಸಿದಂತೆ. ಆ ವ್ಯಾಪಾರಿ ಕಟ್ಟಡದ ನಕಾಶೆಯನ್ನು ಜೋಪಾನವಾಗಿಡಲಿ. ಮಹಡಿಯ ಮೆಟ್ಟಿಲ ಬಳಿ, ಈ ನೆಲ ಇಷ್ಟು ಭಾರವನ್ನು ಮಾತ್ರ ಹೊರಬಲ್ಲುದು ಎಂದು ದಪ್ಪಕ್ಷರದಲ್ಲಿ ಬರೆಯಿಸಲಿ. ಖರ್ಚು ಒಂದು ಡಬ್ಬಿ ಬಣ್ಣದ್ದು.