ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು: ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು ಇದನ್ನು ಕೇಳಿ

ಪಾಡ್‌ಕಾಸ್ಟ್‌ನ ಬರಹ ರೂಪ: ಡೆಸ್ಕ್‌ಟಾಪ್ ಆನ್ ಮಾಡಿದಾಗ ಡಿಸ್‌ಪ್ಲೇ ಬರದಿದ್ದರೆ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕಿಲ್ಲ?

ಇವತ್ತು ಫೋನ್ ವಿಷಯ ಅಲ್ಲ. ಮನೆ ಮೂಲೆಯಲ್ಲಿ ಕೂತಿರೋ ಡೆಸ್ಕ್‌ಟಾಪ್ ವಿಷಯ.

ಮಲೆನಾಡಿನ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಡಿಗ್ರಿ ಕೊನೇ ವರ್ಷ. ಪ್ರಾಜೆಕ್ಟ್ ಪೂರ್ತಿ ಆ ಕಂಪ್ಯೂಟರ್‌ನಲ್ಲಿದೆ, ಅಪ್ಪನ ಅಡಿಕೆ ಲೆಕ್ಕವೂ ಅದರಲ್ಲೇ ಇದೆ. ಒಂದು ಬೆಳಗ್ಗೆ ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತು, ಲೈಟ್ ಹತ್ತಿತು, ಸ್ಕ್ರೀನ್ ಮೇಲೆ ಏನೂ ಬರಲಿಲ್ಲ. ಅಂಗಡಿಯವರು ನೋಡಿ, ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು’ ಅಂದ್ರಂತೆ. ‘ಅಣ್ಣಾ, ಮಾಡಿಸ್ಲಾ ಬೇಡ್ವಾ?’ ಅನ್ನೋದು ಅವರ ಪ್ರಶ್ನೆ.

ನನ್ನ ಉತ್ತರ: ಬೇಡ. ಯಾಕೆ ಬೇಡ ಅನ್ನೋದೇ ಇವತ್ತಿನ ಸಂಚಿಕೆ.

ಬಟನ್ ಒತ್ತಿದ ಮೇಲೆ ಏನಾಗುತ್ತೆ?

ನಮ್ಮಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅಂತೀವಿ. ಅಸಲಿಗೆ ಸಿಪಿಯು ಅಂದ್ರೆ ಒಳಗಿರೋ ಒಂದು ಚಿಪ್. ಗೊಂದಲ ಬೇಡ ಅಂತ ನಾನು ಡಬ್ಬಕ್ಕೆ ಕ್ಯಾಬಿನೆಟ್, ಚಿಪ್‌ಗೆ ಪ್ರೊಸೆಸರ್ ಅಂತ ಹೇಳ್ತೀನಿ.

ಬಟನ್ ಒತ್ತಿದ ಕೂಡಲೇ ಮೊದಲು ಕೆಲಸ ಶುರು ಮಾಡೋದು ಎಸ್‌ಎಂಪಿಎಸ್, ಅಂದ್ರೆ ಕರೆಂಟ್ ಕೊಡೋ ಪೆಟ್ಟಿಗೆ. ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸುತ್ತೆ. ಅದು ಸ್ಥಿರವಾದ ಮೇಲೆ ‘ಕರೆಂಟ್ ಸರಿ ಇದೆ’ ಅಂತ ಮದರ್‌ಬೋರ್ಡ್‌ಗೆ ಒಂದು ಸಿಗ್ನಲ್ ಕೊಡುತ್ತೆ. ಆಮೇಲೆ ಪ್ರೊಸೆಸರ್ ಏಳುತ್ತೆ. ಎದ್ದ ತಕ್ಷಣ ಅದು ಹಾರ್ಡ್ ಡಿಸ್ಕ್ ಕಡೆ ನೋಡಲ್ಲ. ಬೋರ್ಡ್ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿರೋ ಬಯೋಸ್ ಅನ್ನೋ ಪ್ರೋಗ್ರಾಂ ಓದುತ್ತೆ. ಈಗಿನ ಕಂಪ್ಯೂಟರ್‌ಗಳಲ್ಲಿ ಇದಕ್ಕೆ ಯುಇಎಫ್‌ಐ ಅಂತಾರೆ. ಅದು ಪ್ರೊಸೆಸರ್ ಸರಿ ಇದೆಯಾ, ರ‍್ಯಾಮ್ ಇದೆಯಾ, ಗ್ರಾಫಿಕ್ಸ್ ಇದೆಯಾ ಅಂತ ಒಂದೊಂದಾಗಿ ಪರೀಕ್ಷೆ ಮಾಡುತ್ತೆ. ಇದಕ್ಕೆ ‘ಪೋಸ್ಟ್’ ಅಂತ ಹೆಸರು. ಪವರ್ ಆನ್ ಸೆಲ್ಫ್ ಟೆಸ್ಟ್. ಇದು ಹೊಸದೇನಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿ ಕೂಡ ಹೀಗೇ ಪರೀಕ್ಷೆ ಮಾಡ್ಕೊಂಡು, ಎಲ್ಲ ಸರಿ ಇದ್ರೆ ಒಂದು ಸಣ್ಣ ಬೀಪ್ ಹಾಕ್ತಿತ್ತು.

ಗ್ರಾಫಿಕ್ಸ್ ಹಂತ ದಾಟಿದ ಮೇಲೆ ಕಂಪನಿಯ ಲೋಗೋ ಕಾಣುತ್ತೆ. ಅದಾದ ಮೇಲೆ ಡಿಸ್ಕ್, ಕೊನೆಗೆ ವಿಂಡೋಸ್. ಈಗ ಲೆಕ್ಕ ಹಾಕಿ. ಲೋಗೋನೇ ಬಂದಿಲ್ಲ ಅಂದ್ರೆ ವಿಂಡೋಸ್‌ನ ಸರದಿಯೇ ಬಂದಿಲ್ಲ. ಒಲೆನೇ ಹತ್ತಿಲ್ಲ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದ ಹಾಗೆ ಆಯ್ತು ಆ ಫಾರ್ಮ್ಯಾಟ್ ಸಲಹೆ. ಡಿಸ್ಕ್‌ನಲ್ಲಿರೋದನ್ನೆಲ್ಲ ಅಳಿಸಿದ್ರೂ ಡಿಸ್‌ಪ್ಲೇ ಬರಲ್ಲ. ಪ್ರಾಜೆಕ್ಟ್ ಮಾತ್ರ ಹೋಗುತ್ತೆ.

ಇನ್ನೊಂದು ಮಾತು. ಫ್ಯಾನ್ ತಿರುಗಿದ್ರೆ ಬೋರ್ಡ್ ಸರಿ ಇದೆ ಅಂತ ಅರ್ಥ ಅಲ್ಲ. ಫ್ಯಾನ್‌ಗೆ 12 ವೋಲ್ಟ್ ಸಿಕ್ಕರೆ ಸಾಕು, ಅದು ತಿರುಗುತ್ತೆ.

ಮೊದಲು ಹೊರಗಡೆ ನೋಡಿ

ಮಾನಿಟರ್‌ಗೆ ಜೀವ ಇದೆಯಾ? ಕೇಬಲ್ ಬಿಚ್ಚಿ ಮಾನಿಟರ್ ಮಾತ್ರ ಆನ್ ಮಾಡಿ. ‘ನೋ ಸಿಗ್ನಲ್’ ಅಂತಲೋ, ‘ಕೇಬಲ್ ನೋಡಿ’ ಅಂತಲೋ ಬಂದ್ರೆ ಮಾನಿಟರ್ ಬದುಕಿದೆ. ಅದರ ಮೆನುವಿನಲ್ಲಿ ಇನ್‌ಪುಟ್ ಯಾವುದು ಅಂತ ನೋಡಿ. ಕೇಬಲ್ ಎಚ್‌ಡಿಎಂಐ ಇದ್ದು, ಮಾನಿಟರ್ ವಿಜಿಎ ಮೇಲೆ ಕೂತಿದ್ರೆ ಚಿತ್ರ ಬರಲ್ಲ. ಮನೆಯ ಟಿವಿಗೆ ಹಾಕಿರೋ ಎಚ್‌ಡಿಎಂಐ ಕೇಬಲ್ ತಂದು ಒಮ್ಮೆ ಹಾಕಿ ನೋಡಿ. ಅಥವಾ ಕ್ಯಾಬಿನೆಟ್ಟನ್ನೇ ಟಿವಿಗೆ ಹಾಕಿ. ಒಂದೇ ಸಲಕ್ಕೆ ಕೇಬಲ್ಲು, ಮಾನಿಟರ್ರು ಎರಡರ ಅನುಮಾನವೂ ತೀರುತ್ತೆ.

ಎರಡನೇದು, ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೆ ಕ್ಯಾಬಿನೆಟ್ ಹಿಂದೆ ಎರಡು ಕಡೆ ಎಚ್‌ಡಿಎಂಐ ತೂತು ಇರುತ್ತೆ. ಮೇಲೆ, ಯುಎಸ್‌ಬಿ ಪಕ್ಕದ್ದು ಮದರ್‌ಬೋರ್ಡ್‌ನದ್ದು. ಕೆಳಗೆ ಅಡ್ಡಡ್ಡ ಇರೋದು ಕಾರ್ಡ್‌ನದ್ದು. ಕೇಬಲ್ ಕಾರ್ಡ್‌ಗೇ ಹೋಗ್ಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ರೆ, ಉದಾಹರಣೆಗೆ ಐ5 12400ಎಫ್, ಅದರೊಳಗೆ ಗ್ರಾಫಿಕ್ಸ್ ಇರಲ್ಲ. ಎಎಂಡಿಯ ರೈಜನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಇದ್ದು, ಕೇಬಲ್ ಬೋರ್ಡ್‌ಗೆ ಚುಚ್ಚಿದ್ರೆ ಎಷ್ಟು ಕಾದರೂ ಏನೂ ಕಾಣಲ್ಲ.

ಮೂರನೇದು, ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ. ಲೈಟ್ ಹತ್ತಿ ಆರಿದ್ರೆ ಒಳಗೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ನಿಮ್ಮ ತನಕ ಬರ್ತಿಲ್ಲ ಅಂತ ಬಹುಮಟ್ಟಿಗೆ ಹೇಳಬಹುದು. ಆಗ ಅನುಮಾನ ಮಾನಿಟರ್, ಕೇಬಲ್, ಗ್ರಾಫಿಕ್ಸ್ ಮೇಲೆ.

ಮುಚ್ಚಳ ತೆಗೆದ ಮೇಲೆ

ತೆಗೆಯೋ ಮೊದಲು ಎರಡು ಎಚ್ಚರಿಕೆ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತುಬಿಡಿ. ಯುಪಿಎಸ್‌ನಿಂದಲೂ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡ್‌ನಲ್ಲಿ ಉಳಿದ ಕರೆಂಟ್ ಇಳಿಯುತ್ತೆ. ಕೆಲವು ಸಲ ಇಷ್ಟಕ್ಕೇ ಕಂಪ್ಯೂಟರ್ ಸರಿಹೋಗೋದೂ ಉಂಟು. ಮತ್ತೆ, ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಜೀವಕ್ಕೇ ಅಪಾಯ.

ಕೈಯನ್ನು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹಕ್ಕೆ ಮುಟ್ಟಿಸಿ, ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ರ‍್ಯಾಮ್‌ಗೆ ಕೈ ಹಾಕಿ. ಪೋಸ್ಟ್ ನಿಂತುಬಿಡೋದಕ್ಕೆ ನಾನು ಅತಿ ಹೆಚ್ಚು ಕಂಡಿರೋ ಕಾರಣ ಇದೇ. ನಮ್ಮಲ್ಲಿ ಧೂಳು ಜಾಸ್ತಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತೇವ ಬೇರೆ. ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳ್ಳಗೆ ಪದರ ಕಟ್ಟಿದ್ರೂ ಸಂಪರ್ಕ ತಪ್ಪುತ್ತೆ. ಎರಡೂ ಬದಿಯ ಕ್ಲಿಪ್ ಬಿಡಿಸಿ ರ‍್ಯಾಮ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಆ ಪಟ್ಟಿಗಳನ್ನು ಒರೆಸಿ. ಅಂಗಡಿಗಳಲ್ಲಿ ಪೆನ್ಸಿಲ್ ಅಳಿಸೋ ರಬ್ಬರ್ ಉಜ್ಜೋದನ್ನು ನೋಡಿರ್ತೀರಿ. ಅದೂ ಕೆಲಸ ಮಾಡುತ್ತೆ, ಆದ್ರೆ ಚಿನ್ನದ ಲೇಪನ ಬಲು ತೆಳು. ಮೆತ್ತಗೆ ಉಜ್ಜಿ, ಪುಡಿ ಊದಿ ತೆಗೀರಿ.

ವಾಪಸ್ ಹಾಕುವಾಗ ಒಂದೇ ರ‍್ಯಾಮ್ ಹಾಕಿ. ನಾಲ್ಕು ಸ್ಲಾಟ್ ಇರೋ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ಗೆ ಮೊದಲ ಆದ್ಯತೆ. ‘ಟಕ್’ ಅಂತ ಕ್ಲಿಪ್ ಕೂತುಕೊಳ್ಳೋ ತನಕ ಒತ್ತಿ. ಆನ್ ಮಾಡಿ ನೋಡಿ. ಬರಲಿಲ್ವಾ? ಅದನ್ನು ತೆಗೆದು ಇನ್ನೊಂದು ಹಾಕಿ. ಆಮೇಲೆ ಸ್ಲಾಟ್ ಬದಲಿಸಿ. ಪ್ರತಿ ಸಲವೂ ಪ್ಲಗ್ ಕಿತ್ತೇ ಮಾಡಿ, ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ನಮ್ಮ ಮಲೆನಾಡಿನ ಕೇಳುಗರು ಫೋನ್ ಟಾರ್ಚ್ ಹಿಡ್ಕೊಂಡು ಇದನ್ನೇ ಮಾಡಿದ್ರು. ಎರಡರಲ್ಲಿ ಒಂದು ರ‍್ಯಾಮ್ ಹಾಳಾಗಿತ್ತು; ಇನ್ನೊಂದರಲ್ಲಿ ಕಂಪ್ಯೂಟರ್ ಎದ್ದಿತು. ಪ್ರಾಜೆಕ್ಟೂ ಇದೆ, ಅಡಿಕೆ ಲೆಕ್ಕವೂ ಇದೆ.

ಹೊಸ ಡಿಡಿಆರ್5 ರ‍್ಯಾಮ್ ಇರೋರಿಗೆ ಒಂದು ಮಾತು: ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು. ಅದು ರ‍್ಯಾಮ್ ಜೊತೆ ಹೊಂದಿಕೊಳ್ಳುವ ಸಮಯ. ಗಾಬರಿಯಾಗಿ ನಡುವೆ ಆಫ್ ಮಾಡ್ಬೇಡಿ.

ರ‍್ಯಾಮ್ ಅಲ್ಲ ಅಂದ್ರೆ ಕರೆಂಟಿನ ಕೇಬಲ್ ನೋಡಿ. 24 ಪಿನ್‌ನ ದಪ್ಪ ಕೇಬಲ್ ಬೋರ್ಡ್‌ಗೆ. ಪ್ರೊಸೆಸರ್ ಹತ್ತಿರ 4 ಅಥವಾ 8 ಪಿನ್‌ನ ಇನ್ನೊಂದು ಇರುತ್ತೆ. ಅದು ಸಡಿಲವಾಗಿದ್ರೆ ಫ್ಯಾನ್ ತಿರುಗುತ್ತೆ, ಪ್ರೊಸೆಸರ್ ಏಳಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೂ ಪ್ರತ್ಯೇಕ ಕೇಬಲ್ ಬೇಕು.

ಬೋರ್ಡ್ ತಾನೇ ಹೇಳುತ್ತೆ

ಇತ್ತೀಚಿನ ಅನೇಕ ಮದರ್‌ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ಲೈಟ್ ಇರುತ್ತೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದಿರುತ್ತೆ. ಪರೀಕ್ಷೆ ಎಲ್ಲಿ ನಿಂತಿತೋ ಆ ಲೈಟ್ ಹತ್ತಿಕೊಂಡೇ ಇರುತ್ತೆ. ಡಿರ‍್ಯಾಮ್ ಹತ್ತಿದ್ರೆ ರ‍್ಯಾಮ್ ನೋಡಿ, ವಿಜಿಎ ಹತ್ತಿದ್ರೆ ಗ್ರಾಫಿಕ್ಸ್ ನೋಡಿ. ಹಳೇ ಬೋರ್ಡ್‌ಗಳಲ್ಲಿ ಲೈಟ್ ಬದಲು ಬೀಪ್ ಸದ್ದು. ಬೀಪ್‌ನ ಲೆಕ್ಕ ಬಯೋಸ್ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ನಿಮ್ಮ ಬೋರ್ಡ್‌ನ ಮ್ಯಾನುವಲ್ ನೋಡಿಯೇ ಅರ್ಥ ಮಾಡ್ಕೊಳ್ಳಿ.

ಇಷ್ಟಕ್ಕೂ ಆಗದಿದ್ರೆ ಬಯೋಸ್ ಸೆಟ್ಟಿಂಗ್ ಅಳಿಸಿ ನೋಡಬಹುದು. ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದ ತರಹದ ಸಿಆರ್2032 ಬ್ಯಾಟರಿ ಇರುತ್ತೆ. ಪ್ಲಗ್ ಕಿತ್ತು, ಅದನ್ನು ತೆಗೆದು, ಐದು ನಿಮಿಷ ಬಿಟ್ಟು ವಾಪಸ್ ಹಾಕಿ. ಇದರಿಂದ ಡಿಸ್ಕ್‌ನಲ್ಲಿರೋದು ಅಳಿಯಲ್ಲ. ಆದ್ರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ರೆ ಆಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯಾ ಅಂತ ಫೋನ್‌ನಲ್ಲೇ ಮೊದಲು ನೋಡಿಕೊಳ್ಳಿ.

ಲೋಗೋ ಬಂದು ಆಮೇಲೆ ಕಪ್ಪಾದ್ರೆ?

ಇದು ಬೇರೆ ಕಥೆ. ಲೋಗೋ ಬಂತು ಅಂದ್ರೆ ಪರೀಕ್ಷೆ ಬಹುತೇಕ ಪಾಸ್. ಆಗ ಮಾತ್ರ ಅನುಮಾನ ವಿಂಡೋಸ್, ಡ್ರೈವರ್ ಅಥವಾ ಡಿಸ್ಕ್ ಕಡೆ ತಿರುಗುತ್ತೆ. ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ಆಗಲಿಲ್ಲ ಅಂದ್ರೆ ಸೇಫ್ ಮೋಡ್. ಇಲ್ಲೂ ಫಾರ್ಮ್ಯಾಟ್ ಕೊನೆಯ ದಾರಿ, ಮೊದಲನೆಯದಲ್ಲ.

ಅಂಗಡಿಗೆ ಹೋಗ್ಲೇಬೇಕು ಅಂದ್ರೆ

ಬೋರ್ಡ್ ಅಥವಾ ಎಸ್‌ಎಂಪಿಎಸ್ ನಿಜವಾಗಿಯೂ ಹೋಗಿರಬಹುದು. ಅದನ್ನು ಮನೆಯಲ್ಲಿ ಪಕ್ಕಾ ಮಾಡೋದು ಕಷ್ಟ, ಯಾಕಂದ್ರೆ ಹಾಕಿ ನೋಡೋಕೆ ಬೇರೆ ಪಾರ್ಟ್ ಇರಲ್ಲ. ರಿಪೇರಿ ಕೈಚಳಕ ಇರೋರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಹೋಗಿ. ಕಂಪನಿ ವಾರಂಟಿ ಇದ್ರೆ ಮಾತ್ರ ಏನನ್ನೂ ಬಿಚ್ಚದೆ ಮೊದಲು ಅವರಿಗೇ ಫೋನ್ ಮಾಡಿ.

ಹೋಗೋ ಮೊದಲು ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಡಿ. ಡಿಸ್ಕ್ ಇಲ್ಲದಿದ್ರೂ ಲೋಗೋ ಮತ್ತು ಬಯೋಸ್ ಸ್ಕ್ರೀನ್ ಬರಲೇಬೇಕು. ಡಿಸ್‌ಪ್ಲೇ ಪರೀಕ್ಷೆಗೆ ಅಂಗಡಿಯವರಿಗೆ ಅದು ಬೇಕಿಲ್ಲ. ‘ಬೋರ್ಡ್ ಹೋಗಿದೆ’ ಅಂದ್ರೆ, ‘ಸರಿ ಇರೋ ಬೇರೆ ರ‍್ಯಾಮ್, ಬೇರೆ ಎಸ್‌ಎಂಪಿಎಸ್ ಹಾಕಿ ನನ್ನೆದುರೇ ಒಮ್ಮೆ ತೋರಿಸ್ತೀರಾ ಸರ್?’ ಅಂತ ವಿನಯವಾಗಿ ಕೇಳಿ. ಕೆಲಸ ಬಲ್ಲವರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಬೋರ್ಡ್ ಸತ್ತೇಹೋಗಿದ್ರೂ ಡಿಸ್ಕನ್ನು ಒಂದು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಫೈಲ್ ತೆಗೆದುಕೊಳ್ಳಬಹುದು. ಬಿಟ್‌ಲಾಕರ್ ಇದ್ರೆ ಅಲ್ಲೂ ಆ ಕೀ ಬೇಕು. ಬೋರ್ಡ್ ಅಂಗಡಿಯಲ್ಲಿ ಸಿಗುತ್ತೆ, ನಿಮ್ಮ ಪ್ರಾಜೆಕ್ಟ್ ಸಿಗಲ್ಲ. ಕಂಪ್ಯೂಟರ್ ಸರಿಯಾದ ದಿನವೇ ಒಂದು ಕಾಪಿ ಬೇರೆ ಕಡೆ ಇಟ್ಟುಬಿಡಿ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಜೊತೆಗೆ, ಬೋರ್ಡ್‌ನಲ್ಲಿ ಯಾವ ಲೈಟ್ ಹತ್ತಿತ್ತು ಅಂತ ಮರೀದೆ ಹೇಳಿ.