ಪಿಗ್ಮಿ ಕಟ್ಟುವ ಮುನ್ನ ಕೇಳಬೇಕಾದ ಮಾತು: ಈ ದುಡ್ಡಿಗೆ ವಿಮೆ ಇದೆಯೇ?

ಸಂಜೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಗಿರಾಕಿ ಸ್ವಲ್ಪ ಕಡಿಮೆಯಾದ ಹೊತ್ತಿಗೆ ಪಿಗ್ಮಿ ಏಜೆಂಟರು ಅಂಗಡಿಯಿಂದ ಅಂಗಡಿಗೆ ಬರುತ್ತಾರೆ. “ಅಕ್ಕಾರ, ಇವತ್ತ ಎಷ್ಟ ಹಾಕ್ಲಿ?” “ನೂರ ಹಾಕಪಾ.” ಕೈಯಲ್ಲಿನ ಸಣ್ಣ ಯಂತ್ರದಿಂದ ಚೀಟಿ ಹೊರಬರುತ್ತದೆ. ಬಹಳಷ್ಟು ಮಂದಿ ಅದರಲ್ಲಿ ಮೊತ್ತವನ್ನಷ್ಟೇ ನೋಡುತ್ತಾರೆ. ಚೀಟಿಯ ತಲೆಯ ಮೇಲೆ ಅಚ್ಚಾದ ಸಂಸ್ಥೆಯ ಹೆಸರನ್ನು ಓದುವವರು ಕಡಿಮೆ. ನಿಮ್ಮ ದುಡ್ಡು ಮುಳುಗಿದರೆ ಹೊಣೆ ಯಾರದು ಎಂಬುದನ್ನು ಹೇಳುವುದು ಆ ಹೆಸರೇ.

ಮೊದಲು ಪಿಗ್ಮಿ ಎಂದರೇನು ನೋಡೋಣ. ದಿನದ ಗಳಿಕೆಯಲ್ಲಿ ಕೈಲಾದಷ್ಟನ್ನು ದಿನವೂ ಕಟ್ಟುವ ಠೇವಣಿ ಇದು. ಇದು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಗೆಳೆಯರು ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು) 1928ರಲ್ಲಿ ಇದನ್ನು ಶುರು ಮಾಡಿತು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಾಗಿಲಿಗೇ ಬ್ಯಾಂಕು ಬಂತು.

ಲೆಕ್ಕ ಸರಳ. ದಿನಕ್ಕೆ 100 ರೂಪಾಯಿಯಂತೆ ಬಿಡದೆ ಕಟ್ಟಿದರೆ ವರ್ಷಕ್ಕೆ 36,500 ರೂಪಾಯಿ. ಅಷ್ಟರಲ್ಲಿ ತಳ್ಳುಗಾಡಿಗೆ ಸರಕು ತುಂಬಬಹುದು, ಮಗಳ ಕಾಲೇಜಿನ ಫೀ ಕಟ್ಟಬಹುದು. ಕಟ್ಟಿದ ಹಣದ ಒಂದು ಪಾಲನ್ನು ಸಾಲವಾಗಿಯೂ ಕೊಡುತ್ತಾರೆ. ಮನೆ ಬಾಗಿಲಿಗೆ ಬರುವ ಏಜೆಂಟರಿಗೆ ಕಮಿಷನ್ ಇರುವುದರಿಂದ ಬಡ್ಡಿ ಮಾತ್ರ ಕಡಿಮೆ. ಅವಧಿಗೆ ಮೊದಲೇ ಬಿಡಿಸಿಕೊಂಡರೆ ಬಡ್ಡಿ ಸಿಗದೇ ಹೋಗಬಹುದು. ಕೆಲವು ಕಡೆ ಅಸಲಿನಲ್ಲೇ ಕಮಿಷನ್ ಮುರಿದುಕೊಳ್ಳುತ್ತಾರೆ. ಈ ಷರತ್ತನ್ನು ಖಾತೆ ತೆರೆಯುವ ದಿನವೇ ಕೇಳಿ ತಿಳಿದುಕೊಳ್ಳಿ.

ಈಗ ವಿಮೆಯ ಮಾತಿಗೆ ಬರೋಣ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಹಣ ಕೊಡಲೆಂದೇ ರಿಸರ್ವ್ ಬ್ಯಾಂಕಿನ ಅಧೀನದಲ್ಲಿ ಒಂದು ನಿಗಮವಿದೆ. ಅದನ್ನು ಡಿಐಸಿಜಿಸಿ, ಅಂದರೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ ಎನ್ನುತ್ತಾರೆ. 1962ರಲ್ಲಿ ಈ ವಿಮೆ ಶುರುವಾದಾಗ ಮಿತಿ 1,500 ರೂಪಾಯಿ ಇತ್ತು. 1993ರಲ್ಲಿ ಒಂದು ಲಕ್ಷ ಆಯಿತು. 2020ರ ಫೆಬ್ರವರಿ 4ರಿಂದ ಐದು ಲಕ್ಷ. ನೀವು ಅರ್ಜಿ ಹಾಕಬೇಕಿಲ್ಲ, ಪೈಸೆ ಕಟ್ಟಬೇಕಿಲ್ಲ. ಕಂತನ್ನು ಬ್ಯಾಂಕೇ ಕಟ್ಟುತ್ತದೆ.

ಈ ವಿಮೆ ಯಾವುದಕ್ಕಿದೆ, ಯಾವುದಕ್ಕಿಲ್ಲ? ಸರ್ಕಾರಿ ಮತ್ತು ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕು ಇವುಗಳಿಗೆ ಇದೆ. ಪತ್ತಿನ ಸಹಕಾರ ಸಂಘ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿ, ಊರಿನ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಇವುಗಳಿಗೆ ಇಲ್ಲ. ಹಲವು ರಾಜ್ಯಗಳಲ್ಲಿ ಶಾಖೆಯಿರುವ ಮಲ್ಟಿಸ್ಟೇಟ್ ಸೊಸೈಟಿಗೂ ಇಲ್ಲ. ನಮ್ಮಲ್ಲಿ ಇವನ್ನೆಲ್ಲ ಸೇರಿಸಿ ‘ಸೊಸೈಟಿ ಬ್ಯಾಂಕ್’ ಎನ್ನುವ ರೂಢಿಯಿದೆ. ಗೊಂದಲ ಹುಟ್ಟುವುದು ಅಲ್ಲೇ. ಪಿಕೆಪಿಎಸ್ ಡಿಸಿಸಿ ಬ್ಯಾಂಕಿನ ಕೈಕೆಳಗೆ ನಡೆಯುವುದರಿಂದ ವಿಮೆಯೂ ಒಂದೇ ಎಂದು ಎಷ್ಟೋ ರೈತರು ತಿಳಿದಿದ್ದಾರೆ. ಒಂದೇ ಅಲ್ಲ. ಡಿಸಿಸಿಯಲ್ಲಿಟ್ಟ ಠೇವಣಿಗೆ ವಿಮೆ ಇದೆ, ಪಿಕೆಪಿಎಸ್‌ನಲ್ಲಿಟ್ಟದ್ದಕ್ಕೆ ಇಲ್ಲ.

“ಹಾಗಾದರೆ ಸೊಸೈಟಿ ಕೆಟ್ಟದ್ದೇ?” ಎಂದು ಕೇಳಬಹುದು. ಖಂಡಿತ ಅಲ್ಲ. ದೇಶದ ಮೊದಲ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು ಕಟ್ಟಿದ ಸಂಘ ಅದು. ಇವತ್ತಿಗೂ ಬ್ಯಾಂಕು ಕಾಗದಪತ್ರ ಕೇಳಿ ವಾಪಸು ಕಳಿಸಿದವರಿಗೆ ಮುಖ ನೋಡಿ ಸಾಲ ಕೊಡುವುದು ಇಂಥ ಸಂಘಗಳೇ. ಸಾಲ ಬೇಕೆಂಬ ಕಾರಣಕ್ಕೆ ಅಲ್ಲಿ ಪಿಗ್ಮಿ ಕಟ್ಟುವುದು ಸರಿಯಾದ ನಡೆ. ಆದರೆ ಜೀವಮಾನದ ಗಂಟನ್ನು ಪೂರ್ತಿ ಅಲ್ಲಿಡುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೊಸೈಟಿ ಕೊಡುವ ಒಂದೆರಡು ಪರ್ಸೆಂಟ್ ಹೆಚ್ಚಿನ ಬಡ್ಡಿಯ ಹಿಂದೆ ವಿಮೆ ಇಲ್ಲದ ಅಪಾಯವೂ ಇದೆ.

ಬ್ಯಾಂಕಿನಲ್ಲಿಟ್ಟರೂ ಐದು ಲಕ್ಷದ ಮಿತಿಯನ್ನು ಮರೆಯಬಾರದು. ನಮ್ಮ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದು ಇನ್ನೂ ಮುಖ್ಯ. ಒಣದ್ರಾಕ್ಷಿ ಮಾರಿದಾಗ ವರ್ಷದ ದುಡಿಮೆ ಒಂದೇ ಸಲ ಕೈಗೆ ಬರುತ್ತದೆ. ಹನ್ನೆರಡು ಲಕ್ಷ ಬಂತು ಎನ್ನೋಣ. ಅದನ್ನು ಒಂದೇ ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲೇ ಇಟ್ಟರೆ ವಿಮೆ ಐದು ಲಕ್ಷಕ್ಕೆ ಮಾತ್ರ. ಅರ್ಧ ಜೋರಾಪುರ ಪೇಟೆ ಶಾಖೆಯಲ್ಲಿ, ಅರ್ಧ ಬಬಲೇಶ್ವರ ಶಾಖೆಯಲ್ಲಿ ಇಟ್ಟರೂ ಪ್ರಯೋಜನವಿಲ್ಲ. ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿಯನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚಿದರೆ ಪ್ರತಿಯೊಂದಕ್ಕೂ ಬೇರೆ ಐದು ಲಕ್ಷ. ಗಂಡನ ಹೆಸರಿನ ಖಾತೆ, ಗಂಡ ಹೆಂಡತಿಯ ಜಂಟಿ ಖಾತೆ ಒಂದೇ ಬ್ಯಾಂಕಿನಲ್ಲಿದ್ದರೂ ಅವನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಐದು ಲಕ್ಷದ ಮಿತಿಯಲ್ಲಿ ಬಡ್ಡಿಯೂ ಸೇರಿದೆ. ಆದ್ದರಿಂದ ನಾಲ್ಕೂವರೆ ಲಕ್ಷದ ಆಸುಪಾಸು ಇಟ್ಟು ಬಡ್ಡಿಗೆ ಜಾಗ ಬಿಡುವುದು ಒಳ್ಳೆಯದು. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಬಾಕಿಯಿದ್ದರೆ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬಹುದು ಎಂಬುದೂ ನೆನಪಿರಲಿ.

ವಿಮೆ ಹಣ ನಿಜವಾಗಿ ಕೈಗೆ ಬರುತ್ತದೆಯೇ? ಬರುತ್ತದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಲಕ್ಷಗಟ್ಟಲೆ ಇಟ್ಟವರಿಗೂ ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಲು ಆಗಲಿಲ್ಲ. ಆಗಿನ ನಿಯಮದಂತೆ ಬ್ಯಾಂಕು ಪೂರ್ತಿ ಮುಚ್ಚುವ ತನಕ ವಿಮೆಗಾಗಿ ಕಾಯಬೇಕಿತ್ತು. 2021ರಲ್ಲಿ ಕಾನೂನು ತಿದ್ದಿದರು. ಈಗ ಇಂಥ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆ ಹಣ ಕೊಡಬೇಕು. ತಿದ್ದುಪಡಿಯ ನಂತರ ಆ ಬ್ಯಾಂಕಿನ ಠೇವಣಿದಾರರಿಗೂ ಐದು ಲಕ್ಷದ ವರೆಗೆ ಹಣ ಸಿಕ್ಕಿತು. ಅದಕ್ಕಿಂತ ಹೆಚ್ಚು ಇಟ್ಟ ಹಿರಿಯರು, ನಿವೃತ್ತರು ಪಟ್ಟ ಪಾಡು ಮಾತ್ರ ಸಣ್ಣದಲ್ಲ.

ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ಪಾಸ್‌ಬುಕ್ ತೆಗೆದು ಪೂರ್ತಿ ಹೆಸರು ಓದಿ. ‘ಬ್ಯಾಂಕ್’ ಎಂಬ ಪದವಿಲ್ಲದೆ ‘ಸಂಘ ನಿಯಮಿತ’, ‘ಸೌಹಾರ್ದ ಸಹಕಾರಿ’, ‘ಸೊಸೈಟಿ’ ಎಂದಷ್ಟೇ ಇದ್ದರೆ ವಿಮೆ ಇಲ್ಲ. ‘ಬ್ಯಾಂಕ್’ ಎಂದಿದ್ದರೆ ಅದು ಡಿಐಸಿಜಿಸಿ ವೆಬ್‌ಸೈಟಿನ ವಿಮೆಯುಳ್ಳ ಬ್ಯಾಂಕುಗಳ ಪಟ್ಟಿಯಲ್ಲಿದೆಯೇ ನೋಡಿ. ಮೊಬೈಲ್ ಬಳಸುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಸೊಸೈಟಿಯ ಸದಸ್ಯರಾಗಿದ್ದರೆ ವಾರ್ಷಿಕ ಸಭೆಗೆ ತಪ್ಪದೆ ಹೋಗಿ, ಆಡಿಟ್ ವರದಿ ಕೇಳಿ. ವಸೂಲಾಗದ ಸಾಲ ಎಷ್ಟಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಪೂರ್ತಿ ಭದ್ರತೆ ಬೇಕೆನ್ನುವವರಿಗೆ ಅಂಚೆ ಕಚೇರಿ ಇದೆ. ಅಲ್ಲಿನ ಆರ್‌ಡಿಯನ್ನು, ಅಂದರೆ ತಿಂಗಳಿಗೊಮ್ಮೆ ಕಟ್ಟುವ ಠೇವಣಿಯನ್ನು, 100 ರೂಪಾಯಿಯಿಂದ ಶುರು ಮಾಡಬಹುದು. ಅವಧಿ ಐದು ವರ್ಷ. ಇದಕ್ಕೆ ಕೇಂದ್ರ ಸರ್ಕಾರವೇ ಹೊಣೆಯಾದ್ದರಿಂದ ಐದು ಲಕ್ಷದ ಮಿತಿ ಇಲ್ಲಿಲ್ಲ. ಏಜೆಂಟರು ದಿನವೂ ಬಾಗಿಲಿಗೆ ಬರುವ ಅನುಕೂಲ ಮಾತ್ರ ಇಲ್ಲಿ ಸಿಗದು.

ಖಾತೆ ಎಲ್ಲೇ ಇರಲಿ, ನಾಮಿನಿ ಹೆಸರು ಬರೆಸಿ. ನೀವಿಲ್ಲದಾಗ ಹಣ ಯಾರ ಕೈಗೆ ಕೊಡಬೇಕು ಎಂಬ ಸೂಚನೆ ಅದು. ಬರೆಸದಿದ್ದರೆ ಮನೆಯವರು ವಾರಸುದಾರಿಕೆಯ ಕಾಗದ ಹಿಡಿದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ನಾಳೆ ಏಜೆಂಟರು ಬಂದಾಗ ನೂರರ ನೋಟು ಕೊಡುವ ಮೊದಲು ಎರಡು ಮಾತು ಕೇಳಿ: ನಿಮ್ಮದು ಬ್ಯಾಂಕೋ ಸೊಸೈಟಿಯೋ? ನನ್ನ ಖಾತೆಗೆ ನಾಮಿನಿ ಯಾರಿದ್ದಾರೆ?