ಬಿಸಿಲಿನಲ್ಲಿ ಇಪ್ಪತ್ತೊಂದು ಕಿಲೋಮೀಟರು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಸಮಿತಿಯ ಗುರುಗಳು ಕೇಳಿದಾಗ, ನನಗೆ ಕಥೆ ಬಾರದು, ಕವಿತೆಯಂತೂ ಮೊದಲೇ ಬಾರದು ಎಂದು ತಲೆ ತಗ್ಗಿಸಿ ನಿಂತೆ. “ಓಡುವುದು ಬರುತ್ತದಲ್ಲ, ಅದನ್ನೇ ಬರೆ” ಎಂದರು. ಅವರು ನಗುತ್ತ ಆಡಿದ ಮಾತನ್ನು ನಾನು ನಿಜವೆಂದೇ ಹಿಡಿದು ಈ ಲೇಖನಕ್ಕೆ ಕೈಹಾಕಿದ್ದೇನೆ. ಅದಕ್ಕೊಂದು ಕಾರಣವೂ ಉಂಟು. ನಮ್ಮ ಊರಿನ ಅರ್ಧ ಮ್ಯಾರಥಾನಿನಲ್ಲಿ ನಮ್ಮ ಕಾಲೇಜಿನ ಹುಡುಗರು ಹುಡುಗಿಯರು ಹುರುಪಿನಿಂದ ಓಡುತ್ತಾರೆ. ರಾಯಚೂರಿನ ಬಿಸಿಲು ಎಂಥದೆಂಬುದು ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆಯಿಂದಲೇ ಓಡುತ್ತಾರೆ. ನಾನೂ ಹಾಗೆಯೇ ನಂಬಿದ್ದೆ.

ಪೂರ್ಣ ಮ್ಯಾರಥಾನಿನ ದೂರ 42.195 ಕಿಲೋಮೀಟರು. ಈ ವಿಚಿತ್ರವಾದ ಲೆಕ್ಕ ಹುಟ್ಟಿದ್ದು 1908ರ ಲಂಡನ್ ಒಲಿಂಪಿಕ್ಸಿನಲ್ಲಿ. ವಿಂಡ್ಸರ್ ಅರಮನೆಯ ಬಳಿ ಆರಂಭವಾಗಿ ಕ್ರೀಡಾಂಗಣದಲ್ಲಿ ರಾಜಪರಿವಾರ ಕುಳಿತ ಕಟ್ಟೆಯ ಮುಂದೆ ಓಟ ಮುಗಿಯುವಂತೆ ಅಂದು ಅಳೆದ ದೂರವೇ 1921ರಲ್ಲಿ ಎಲ್ಲರಿಗೂ ಕಟ್ಟಳೆಯಾಯಿತು. ಅದರ ಅರ್ಧ 21 ಕಿಲೋಮೀಟರಿನ ಮೇಲೆ ತೊಂಬತ್ತೇಳೂವರೆ ಮೀಟರು. ಅರಸರ ಅನುಕೂಲಕ್ಕೆ ಸೇರಿಸಿದ ಮೀಟರುಗಳ ಭಾರವನ್ನು ಇಂದು ನಮ್ಮಂಥವರ ಕಾಲುಗಳು ಹೊರುತ್ತಿವೆ. ಅದಿರಲಿ.

2024ರ ಮಾರ್ಚ್ ತಿಂಗಳ ಮೂರನೆಯ ಭಾನುವಾರ. ಆಗ ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. ಹೈದರಾಬಾದ್ ರಸ್ತೆಯಲ್ಲಿ ಹತ್ತೂವರೆ ಕಿಲೋಮೀಟರು ಹೋಗಿ ಅಷ್ಟೇ ದೂರ ಹಿಂದಿರುಗಬೇಕು. ಬೆಳಿಗ್ಗೆ ಆರು ಗಂಟೆಗೆ ಓಟವೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ಬಾವುಟ ಬೀಸಬೇಕಾದ ಅತಿಥಿಗಳು ಬಂದದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ಅಷ್ಟರಲ್ಲಿ ಕೋಟೆಯ ಗುಡ್ಡದ ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ಮೂರನೆಯ ಬಹುಮಾನ ಮೂರು ಸಾವಿರ ರೂಪಾಯಿ ಎಂದು ಕೇಳಿದ್ದೆ. ಪರೀಕ್ಷೆಯ ಶುಲ್ಕ ಕಟ್ಟುವ ಕಾಲ ಹತ್ತಿರ ಬಂದಿತ್ತು. ನನ್ನ ತಂದೆ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಹಮಾಲಿ. ಆ ಮೂರು ಸಾವಿರವನ್ನು ಹಿಂದಿನ ರಾತ್ರಿಯೇ ಮನಸ್ಸಿನಲ್ಲಿ ಖರ್ಚು ಮಾಡಿ ಮುಗಿಸಿದ್ದೆ.

ಮೊದಲ ಹತ್ತು ಕಿಲೋಮೀಟರನ್ನು ಐವತ್ತು ನಿಮಿಷದಲ್ಲಿ ಓಡಿದೆ. ಹದಿನೈದರ ಹತ್ತಿರ ನೀರಿನ ಮೇಜಿನ ಮೇಲೆ ಖಾಲಿ ಲೋಟಗಳು ಉರುಳಾಡುತ್ತಿದ್ದವು. ಹದಿನೇಳನೆಯ ಕಿಲೋಮೀಟರಿನ ಫಲಕ ನೆನಪಿದೆ. ಹದಿನೆಂಟನೆಯದು ನೆನಪಿಲ್ಲ. ಮುಂದಿನದನ್ನು ನನ್ನ ಹಿಂದೆ ಓಡುತ್ತಿದ್ದ ಗೆಳೆಯನ ಬಾಯಿಂದ ಕೇಳಿ ತಿಳಿದಿದ್ದೇನೆ.

ನಾನು ರಸ್ತೆಯ ಎಡಕ್ಕೂ ಬಲಕ್ಕೂ ತೂರಾಡುತ್ತ, ಏನೇನೋ ಅಸಂಬದ್ಧವಾಗಿ ಮಾತನಾಡುತ್ತ ಹೋಗಿ ಒಂದು ಪಂಕ್ಚರ್ ಅಂಗಡಿಯ ಮುಂದೆ ಬಿದ್ದೆನಂತೆ. ಜನ ಸೇರಿದರು. ಒಬ್ಬರು, ಬೆಳಿಗ್ಗೆಯೇ ಕುಡಿದಿದ್ದಾನೆ ಎಂದರು. ಒಬ್ಬರು ಮೂರ್ಛೆರೋಗವೆಂದು ಕೈಗೆ ಬೀಗದ ಕೈ ಗೊಂಚಲನ್ನು ತುರುಕಿದರು. ಮತ್ತೊಬ್ಬರು ಸೋಡಾ ತರಲು ಓಡಿದರು. ಅಂಗಡಿಯ ಮುದುಕ, ಆ ಕಡೆಯವರೆಲ್ಲ ಚಾಚಾ ಎಂದು ಕರೆಯುವವರು, ಬಂದು ನನ್ನ ಹಣೆ ಮುಟ್ಟಿ ನೋಡಿ, “ಮೈ ಹೆಂಚಾಗ್ಯದ, ಸರೀರಿ ಎಲ್ಲಾರೂ” ಎಂದು ಗದರಿಸಿ, ಟ್ಯೂಬಿನ ತೂತು ಹುಡುಕಲು ಇಟ್ಟಿದ್ದ ತೊಟ್ಟಿಯ ಕೊಳೆ ನೀರನ್ನೇ ಮಗ್ಗಿನಲ್ಲಿ ಎತ್ತೆತ್ತಿ ತಲೆಯಿಂದ ಕಾಲಿನವರೆಗೆ ಸುರಿದರಂತೆ. ಗೆಳೆಯ ತನ್ನ ಅಂಗಿ ಕಳಚಿ ಗಾಳಿ ಬೀಸಿದ. ನಿನ್ನ ಹೆಸರೇನು ಎಂದು ಚಾಚಾ ನಾಲ್ಕು ಸಲ ಕೇಳಿದರೂ ನಾನು ಹೇಳಲಿಲ್ಲವಂತೆ. ತೊಟ್ಟಿ ಬರಿದಾದ ಮೇಲೆಯೇ ಆಟೋ ತರಿಸಿದರು. ಆಸ್ಪತ್ರೆಯಲ್ಲಿ ಅಳೆದಾಗ ಇನ್ನೂ 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು. “ಆ ನೀರು ಬೀಳದಿದ್ದರೆ ನಾವು ಮಾಡುವುದು ಕಡಿಮೆಯಿತ್ತು” ಎಂದು ವೈದ್ಯರು ನನ್ನ ತಂದೆಗೆ ಹೇಳಿದರು. ಅಪ್ಪನಿಗೆ ಎರಡು ದಿನದ ಕೂಲಿ ಹೋಯಿತು. ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು: “ಅಲ್ಲೋ ಯಪ್ಪಾ, ಯಾರು ಬೆನ್ನ ಹತ್ತಿದ್ರು ಅಂತ ಹಂಗ ಓಡಿದಿ?”

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಹೊತ್ತು ಮೈಯೊಳಗೆ ನಡೆದದ್ದೇನು ಎಂಬುದನ್ನಾದರೂ ತಿಳಿಯಬೇಕೆನ್ನಿಸಿತು. ಗ್ರಂಥಾಲಯದಲ್ಲಿ ಸಿಕ್ಕಿದ ಪುಸ್ತಕಗಳನ್ನು ಓದಿದೆ, ಅಧ್ಯಾಪಕರನ್ನು ಕೇಳಿದೆ. ತಿಳಿದದ್ದನ್ನು ನನ್ನ ಮೈಯ ಲೆಕ್ಕದಲ್ಲಿಯೇ ಹೇಳುತ್ತೇನೆ.

ಸಮತಟ್ಟಾದ ರಸ್ತೆಯಲ್ಲಿ ಓಡುವವನಿಗೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸುಮಾರು ಒಂದು ಕಿಲೋಕ್ಯಾಲರಿ ಶಕ್ತಿ ಬೇಕು. ನನ್ನ ತೂಕ 54 ಕಿಲೋ. ಅರ್ಧ ಮ್ಯಾರಥಾನಿಗೆ ಸುಮಾರು 1130 ಕಿಲೋಕ್ಯಾಲರಿ ಆಯಿತು. ಇದರಲ್ಲಿ ಸ್ನಾಯುಗಳು ಕೆಲಸಕ್ಕೆ ಬಳಸುವುದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲು, ಎಂದರೆ ಸುಮಾರು 900 ಕಿಲೋಕ್ಯಾಲರಿ, ಬರಿಯ ಶಾಖವಾಗಿ ಮೈಯಲ್ಲಿ ಹುಟ್ಟುತ್ತದೆ. ನನ್ನ ಮೈಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು 45 ಕಿಲೋಕ್ಯಾಲರಿ ಸಾಕು. ಈ ಶಾಖವೆಲ್ಲ ಒಳಗೇ ಉಳಿದರೆ ಮೈ 20 ಡಿಗ್ರಿ ಏರಬೇಕು. 37 ಇದ್ದದ್ದು 57 ಆಗಬೇಕು. ಮನುಷ್ಯ 42ಕ್ಕೇ ಉಳಿಯುವುದು ಕಷ್ಟ. ಆದ್ದರಿಂದ ಉರಿಯುವ ಬಿಸಿಲಿಲ್ಲದಿದ್ದರೂ ಓಟಗಾರನು ತನ್ನೊಳಗೇ ಒಂದು ಒಲೆಯನ್ನು ಹೊತ್ತುಕೊಂಡು ಓಡುತ್ತಿರುತ್ತಾನೆ. ಬಿಸಿಲು ಹೊರಗಿನ ಎರಡನೆಯ ಒಲೆ.

ಈ ಶಾಖವನ್ನು ಹೊರಹಾಕುವ ದಾರಿಗಳಲ್ಲಿ ಬೇಸಿಗೆಯಲ್ಲಿ ನಂಬತಕ್ಕದ್ದು ಒಂದೇ, ಬೆವರು. ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಶಾಖವನ್ನು ಒಯ್ಯುತ್ತದೆ. ಅದಕ್ಕಿಂತ ಬಿಸಿಯಾದರೆ ತಾನೇ ತಂದು ಕೊಡುತ್ತದೆ. ಬೆವರು ಹಾಗಲ್ಲ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ನನ್ನ 900ಕ್ಕೆ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ಬೆವರು ಬೇಕಾಯಿತು. ಆದರೆ ಅದು ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈಯ ನೀರು ಹೋಯಿತೇ ಹೊರತು ತಂಪೇನೂ ಬರಲಿಲ್ಲ.

ನಮ್ಮ ಭೂಗೋಳ ವಿಭಾಗದಲ್ಲಿ ಎರಡು ಉಷ್ಣಮಾಪಕಗಳನ್ನು ಒಂದೇ ಹಲಗೆಗೆ ಜೋಡಿಸಿದ ಸಾಧನವಿದೆ. ಒಂದರ ಬುರುಡೆ ಒಣಗಿರುತ್ತದೆ, ಇನ್ನೊಂದರದಕ್ಕೆ ಸದಾ ಒದ್ದೆ ಬಟ್ಟೆ ಸುತ್ತಿರುತ್ತದೆ. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವನು ನಾನು. ಅದು ನನ್ನ ಮೈಯ ಕಥೆಯೇ ಎಂದು ಹೊಳೆದದ್ದು ಬಿದ್ದ ಮೇಲೆ. ಮಾರ್ಚಿಯ ಒಂದು ಮಧ್ಯಾಹ್ನ ನೋಡಿದಾಗ ಒಣ ಬುರುಡೆ 38, ಒದ್ದೆ ಬುರುಡೆ 21 ತೋರಿಸುತ್ತಿದ್ದವು. ಹದಿನೇಳು ಡಿಗ್ರಿಯ ಅಂತರ! ಗಾಳಿ ಅಷ್ಟು ಒಣಗಿದೆ, ಬೆವರನ್ನು ಕೂಡಲೇ ಹೀರುತ್ತದೆ ಎಂದರ್ಥ. ಮಂಗಳೂರಿನಿಂದ ವರ್ಗವಾಗಿ ಬಂದಿರುವ ನಮ್ಮ ಅಧ್ಯಾಪಕರೊಬ್ಬರು, ಅವರ ಕಡೆ ಒಣ ಬುರುಡೆ 31, ಒದ್ದೆಯದು 27 ಇರುವ ದಿನಗಳು ಸಾಮಾನ್ಯವೆಂದರು. ಅಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. 2019ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಮಹಿಳೆಯರ ಮ್ಯಾರಥಾನನ್ನು ಬಿಸಿಲಿಗೆ ಹೆದರಿ ನಡುರಾತ್ರಿಯಲ್ಲಿ ಇಟ್ಟರು. ಆದರೂ ಕಡಲತೀರದ ತೇವದ ಸೆಕೆಯಲ್ಲಿ 68 ಮಂದಿಯ ಪೈಕಿ 28 ಮಂದಿ ಓಟ ಮುಗಿಸಲಾಗಲಿಲ್ಲ.

ಹಾಗಾದರೆ ರಾಯಚೂರಿನವರೇ ಪುಣ್ಯವಂತರು ಎಂದುಕೊಳ್ಳಬೇಡಿ. ನಮ್ಮ ಒಣ ಗಾಳಿಯಲ್ಲಿ ಬೇರೆ ಮೋಸವಿದೆ. ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ, ಬೆವರುತ್ತಿಲ್ಲ, ನೀರೇಕೆ ಎಂದು ಓಟಗಾರ ತಿಳಿಯುತ್ತಾನೆ. ಅಂಗಿಯ ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆ ಮೂಡಿದಾಗಲೇ ಹೋದ ನೀರಿನ ಲೆಕ್ಕ ಸಿಕ್ಕುವುದು. ಮೈಯ ನೀರು ಇಳಿದಂತೆ ರಕ್ತದ ಪ್ರಮಾಣವೂ ಇಳಿಯುತ್ತದೆ. ಆ ಕಡಿಮೆ ರಕ್ತವನ್ನು ಕಾಲಿನ ಸ್ನಾಯುಗಳೂ ಬೇಡುತ್ತವೆ, ಶಾಖ ಹೊರಹಾಕಲು ಚರ್ಮವೂ ಬೇಡುತ್ತದೆ. ಹೃದಯವು ಬಡಿತ ಹೆಚ್ಚಿಸಿ ಇಬ್ಬರನ್ನೂ ಸಂತೈಸಲು ನೋಡುತ್ತದೆ. ಓಟದಲ್ಲಿ ಮೈ 39 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. 40 ದಾಟಿ ಮಿದುಳು ತಪ್ಪತೊಡಗಿದರೆ ಅದು ಶಾಖಾಘಾತ.

ಇದರ ಮೊದಲ ಗುರುತು ಮಾತಿನಲ್ಲಿ ಕಾಣುತ್ತದೆ ಎಂಬುದನ್ನು ನನ್ನ ಸಹಪಾಠಿಗಳು ದಯವಿಟ್ಟು ಗಮನಿಸಬೇಕು. ಕೇಳಿದ್ದಕ್ಕೆ ತಪ್ಪು ಉತ್ತರ, ವಿನಾಕಾರಣ ಸಿಟ್ಟು, ತೂರಾಟ. ಮೈ ಒಣಗಿರಲೇಬೇಕೆಂದೇನೂ ಇಲ್ಲ. ಓಡುವಾಗ ಬೆವರುತ್ತಲೇ ಶಾಖಾಘಾತವಾಗುತ್ತದೆ. ಆಗ ಮಾಡತಕ್ಕದ್ದು ಚಾಚಾ ಮಾಡಿದ್ದೇ. ಮೊದಲು ತಂಪು, ಆಮೇಲೆ ಆಸ್ಪತ್ರೆ. ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆಯನ್ನು ಹಿಡಿದುಕೊಂಡಿರುವುದು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಎಡೆಬಿಡದೆ ನೀರು ಸುರಿದು ಗಾಳಿ ಬೀಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರನ್ನಾಗಲಿ ಸೋಡಾವನ್ನಾಗಲಿ ಹಾಕಕೂಡದು, ಉಸಿರಿನ ದಾರಿಗೆ ಇಳಿದೀತು. ಜ್ವರದ ಮಾತ್ರೆ ಇದಕ್ಕೆ ನಾಟದು. ಬೀಗದ ಕೈಯ ವಿಷಯ ಹೇಳಬೇಕಾಗಿಲ್ಲ.

ನನ್ನಂತೆ ಬಿಸಿಲಿಗೆ ಸೋತವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದಾಗ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಸಿಕ್ಕಿತು. ಅಂದು ಸುಮಾರು 32 ಡಿಗ್ರಿ ಬಿಸಿಲು. ಹೊರಟವರಲ್ಲಿ ಅರ್ಧದಷ್ಟು ಜನ ಮಾತ್ರ ಗುರಿ ಮುಟ್ಟಿದರು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ಬಿದ್ದು, ಮರುದಿನ ತೀರಿಕೊಂಡ. ಬಿಸಿಲಿನಿಂದ ಕಾಪಾಡಿಕೊಳ್ಳಲು ಮೈಗೆ ಮೇಣ ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ಹಾಗಿದ್ದರೆ ಬೆವರಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಯಿತು. ಅದೇ ಓಟದಲ್ಲಿ ಜಪಾನಿನ ವಿದ್ಯಾರ್ಥಿ ಶಿಜೊ ಕನಕುರಿ ಇದ್ದ. ನನ್ನಂತೆ ಇಪ್ಪತ್ತು ವರ್ಷದವನು. ದಾರಿಯಲ್ಲಿ ಸೋತು ಒಂದು ಮನೆಯ ತೋಟಕ್ಕೆ ಹೋದ. ಆ ಮನೆಯವರು ಕುಡಿಯಲು ಕೊಟ್ಟು ಉಪಚರಿಸಿದರು. ನಾಚಿಕೆಯಿಂದಲೋ ಏನೋ, ಯಾರಿಗೂ ತಿಳಿಸದೆ ಊರಿಗೆ ಹೊರಟುಹೋದ. 1967ರಲ್ಲಿ ಸ್ವೀಡನ್ನಿನವರು ಮುದುಕನಾಗಿದ್ದ ಅವನನ್ನು ಕರೆಸಿ ಓಟ ಮುಗಿಸಲು ಹೇಳಿದರು. 54 ವರ್ಷ, 8 ತಿಂಗಳು, 6 ದಿನ ಮತ್ತು ಕೆಲವು ಗಂಟೆಗಳೆಂದು ಸಮಯ ಬರೆದುಕೊಂಡರು. ಲಜಾರೊನಿಗೂ ಕನಕುರಿಗೂ ಇದ್ದ ವ್ಯತ್ಯಾಸ, ಒಬ್ಬನು ನಿಂತ, ಇನ್ನೊಬ್ಬನು ನಿಲ್ಲಲಿಲ್ಲ, ಇಷ್ಟೇ. ನಾಚಿಕೆಪಡುವಂಥದು ಅದರಲ್ಲಿ ಏನಿತ್ತೋ ನನಗೆ ಕಾಣದು.

ಪುಸ್ತಕದಲ್ಲಿ ಓದಿದ್ದನ್ನು ಒಂದು ರಾತ್ರಿ ಮನೆಯಲ್ಲಿ ಹೇಳುತ್ತಿದ್ದೆ. ಬಿಸಿಲಿನಲ್ಲಿ ದಿನಕ್ಕಿಷ್ಟೆಂದು ದುಡಿದರೆ ಹತ್ತು ಹದಿನಾಲ್ಕು ದಿನಗಳಲ್ಲಿ ಮೈ ಹದಗೊಳ್ಳುತ್ತದೆ, ರಕ್ತದ ನೀರು ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗಿ ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ ಎಂದೆ. ಅಪ್ಪ ರೊಟ್ಟಿ ಮುರಿಯುತ್ತ, “ಬ್ಯಾಸಿಗ್ಯಾಗ ಹೊಸಾ ಹುಡುಗ ಬಂದ್ರ ಎಂಟು ಹತ್ತು ದಿನ ಅರ್ಧಾನ ಚೀಲ ಎತ್ತಸ್ತೀವಿ. ಬಿಸಲಿನ ಗುರುತು ಮೈಗೆ ಆಗಬೇಕಲ್ಲ” ಎಂದರು. ಶಾಲೆಯ ಮೆಟ್ಟಿಲು ಹತ್ತದ ಅವರು ಇದನ್ನು ಮೂವತ್ತು ವರ್ಷಗಳಿಂದ ಬಲ್ಲರು. ನಾನು ಕೇಳಿರಲಿಲ್ಲ. ರಾಯಚೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ನನ್ನ ಮೈ ಬಿಸಿಲಿಗೆ ಪಳಗಿರಲೂ ಇಲ್ಲ. ಆ ವರ್ಷ ಒಂದು ತಿಂಗಳು ಫ್ಯಾನಿನ ಕೆಳಗೆ ಕುಳಿತು ಓದಿ, ನಸುಕಿನ ತಂಪಿನಲ್ಲಷ್ಟೇ ಓಡಿದ್ದೆ.

2025ರಲ್ಲಿ ಮತ್ತೆ ಓಡುತ್ತೇನೆಂದಾಗ ಅವ್ವ ಎರಡು ದಿನ ಮಾತು ಬಿಟ್ಟಳು. ಅಪ್ಪನೇ ಅವಳನ್ನು ಒಪ್ಪಿಸಿದರು; ಆದರೆ ತಮ್ಮ ಕಟ್ಟಳೆಯಂತೆ ನಡೆಯಬೇಕೆಂದರು. ಓಟಕ್ಕೆ ಮೂರು ವಾರ ಮುಂಚಿನಿಂದ ಸಂಜೆ ನಾಲ್ಕಕ್ಕೆ ಬಿಸಿಲಿಗೆ ಇಳಿದೆ. ಮೊದಲ ದಿನ ಇಪ್ಪತ್ತು ನಿಮಿಷ, ಅದೂ ಅರ್ಧ ನಡಿಗೆ. ಕ್ರಮೇಣ ಒಂದು ಗಂಟೆಯವರೆಗೆ. ಕುಡಿಯುವುದಕ್ಕೆ ಉಪ್ಪು ಹಾಕಿದ ಮಜ್ಜಿಗೆ. ಓಟದ ದಿನಕ್ಕೆ ಒಂದು ಲೀಟರು ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸೀಸೆಯಲ್ಲಿ ತುಂಬಿಕೊಂಡೆ. ಹೆದರಿಕೆಯಿಂದ ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯವೇ. ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಳ್ಳುವುದುಂಟು. ಬಾಯಾರಿಕೆಯ ಮಾತು ಕೇಳಿ ಕುಡಿದರೆ ಸಾಕು.

ಅಂದು ಬೆಳಿಗ್ಗೆ ಅಡತಿ ಅಂಗಡಿಯ ತೂಕದ ಕಾಟಾದ ಮೇಲೆ ನಿಂತೆ: 54 ಕಿಲೋ. ಈ ಸಲ ಓಟ ಆರೂ ಹತ್ತಕ್ಕೇ ಆರಂಭವಾಯಿತು. ಮೊದಲ ಹತ್ತು ಕಿಲೋಮೀಟರಿಗೆ ಒಂದು ಗಂಟೆ ಐದು ನಿಮಿಷ ತೆಗೆದುಕೊಂಡೆ. ಹಿಂದಿನ ವರ್ಷ ನಾನು ಹಿಂದೆ ಹಾಕಿದ್ದವರೆಲ್ಲ ನನ್ನನ್ನು ದಾಟಿಹೋದರು. ಜಾಲಿಯ ಗಿಡಗಳ ನೆರಳು ನೆರಳೇ ಅಲ್ಲವೆಂದರೂ, ಅದು ಬಿದ್ದ ಬದಿಯಲ್ಲೇ ಓಡಿದೆ. ಕತ್ತಿಗೆ ಒದ್ದೆ ವಸ್ತ್ರ ಸುತ್ತಿದ್ದೆ.

ಎರಡು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಮುಗಿಸಿದೆ. ಬಹುಮಾನದ ಮಾತೇ ಇಲ್ಲ. ಬಂದು ಕಾಟಾದ ಮೇಲೆ ನಿಂತಾಗ 52 ಕಿಲೋ 400 ಗ್ರಾಂ. ದಾರಿಯಲ್ಲಿ ಕುಡಿದದ್ದು ಸುಮಾರು 700 ಮಿಲಿಲೀಟರು. ಒಟ್ಟು ಎರಡು ಲೀಟರು ಮುನ್ನೂರು ಮಿಲಿಲೀಟರು ಬೆವರು ಹೋಗಿತ್ತು. ಅಪ್ಪ ಮುಳ್ಳು ನೋಡುವವರ ಹಾಗೆ ಕಾಟಾದ ಅಂಕಿಗಳನ್ನು ಬಗ್ಗಿ ನೋಡಿ, ಏನೂ ಹೇಳದೆ ಮಜ್ಜಿಗೆಯ ಚೊಂಬನ್ನು ಮುಂದೆ ಹಿಡಿದರು.

ಒಂದು ಸಂಗತಿ ಬಿಟ್ಟುಹೋಯಿತು. ಹದಿನೇಳನೆಯ ಕಿಲೋಮೀಟರಿನ ಆಚೆ ಪಂಕ್ಚರ್ ಅಂಗಡಿಯ ಮುಂದೆ ನಾನಾಗಿಯೇ ನಿಂತೆ. ಚಾಚಾ ಗುರುತು ಹಿಡಿದರು. ತೊಟ್ಟಿಯಿಂದ ಒಂದು ಮಗ್ಗು ನೀರೆತ್ತಿ ನನ್ನ ತಲೆಗೆ ಸುರಿದು, “ಈ ಸಲಾ ಹೆಸರು ನೆನಪದಾ?” ಎಂದು ಕೇಳಿದರು. ನನ್ನ ಹೆಸರು ಹೇಳಿದೆ. ಅಪ್ಪನ ಹೆಸರನ್ನೂ, ಕಾಲೇಜಿನ ಹೆಸರನ್ನೂ ಹೇಳಿದೆ. “ಸಾಕು, ಹೋಗು” ಎಂದರು.